ಫಾರೆಸ್ಟ್ ಪಟ್ಟಣದಲ್ಲಿ ದೊರೆತದ್ದು ಎಲ್ಲರಿಗೂ ದೊರೆಯುವುದೆ?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಈಗ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕಳೆದ ವರ್ಷ ಫೋನು ಮಾಡಿ, “ಸರ್, ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ಆಟಿಸಂ ಎಂದು ಡಾಕ್ಟರು ಹೇಳಿದ್ದಾರಂತೆ. ಮುಂದೆ ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಅವನ ತಂದೆತಾಯಿ ನನ್ನನ್ನು ಕೇಳುತ್ತಿದ್ದಾರೆ. ನೀವೇನಾದರೂ ಓದಿದ್ದೀರಾ?” ಎಂದರು. ನಾನು ಭೌತವಿಜ್ಞಾನದವನು, ಮನೋವೈದ್ಯಕೀಯದಲ್ಲಿ ನನಗೆ ಅಧಿಕಾರವಿಲ್ಲ. ಆದರೂ ನನ್ನ ಕಪಾಟಿನಲ್ಲಿದ್ದ ಒಂದು ಪುಸ್ತಕವನ್ನು ಕಳುಹಿಸಲು ಒಪ್ಪಿದೆ. ಕಳುಹಿಸುವ ಮೊದಲು ಮತ್ತೊಮ್ಮೆ ಓದಿದಾಗ, ಇದನ್ನು ಸುಮ್ಮನೆ ಶಿಕ್ಷಕರ ಕೈಗೆ ಕೊಡಬಾರದು, ಜೊತೆಗೊಂದು ಎಚ್ಚರಿಕೆಯ ಮಾತನ್ನೂ ಕೊಡಬೇಕು ಎನ್ನಿಸಿತು.

ಪುಸ್ತಕದ ಹೆಸರು ‘ಇನ್ ಎ ಡಿಫರೆಂಟ್ ಕೀ’. ಇಲ್ಲಿ ‘ಕೀ’ ಎಂದರೆ ಬೀಗದ ಕೈಯಲ್ಲ, ಸಂಗೀತದ ಶ್ರುತಿ. ಬರೆದವರು ಜಾನ್ ಡಾನ್ವನ್ ಮತ್ತು ಕೇರನ್ ಜುಕರ್ ಎಂಬ ಇಬ್ಬರು ಅಮೆರಿಕನ್ ಪತ್ರಕರ್ತರು. 2016ರಲ್ಲಿ ಪ್ರಕಟವಾದ ಇದು 2017ರ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿನಲ್ಲಿತ್ತು. ಆಟಿಸಂ ಅಥವಾ ಸ್ವಲೀನತೆ ಅಂಟುವ ರೋಗವಲ್ಲ, ಪಾಲನೆಯ ದೋಷವೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ. ಅದರ ಜೀವವಿಜ್ಞಾನ ಈ ಪುಸ್ತಕದಲ್ಲಿ ಕಡಿಮೆ. ಇರುವುದು ಕುಟುಂಬಗಳ ಚರಿತ್ರೆ: ನೆರವಿಗಾಗಿ ಅವು ಎಲ್ಲೆಲ್ಲಿ ಅಲೆದವು, ಯಾರು ಬಾಗಿಲು ತೆರೆದರು, ಯಾರು ಮುಚ್ಚಿದರು ಎಂಬುದು.

ಕಥೆ ಆರಂಭವಾಗುವುದು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಪಟ್ಟಣದಲ್ಲಿ. 1933ರಲ್ಲಿ ಅಲ್ಲಿ ಹುಟ್ಟಿದ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗನನ್ನು ಮೂರನೆಯ ವಯಸ್ಸಿನಲ್ಲಿ ಮನೆಯಿಂದ ದೂರದ ಸಂಸ್ಥೆಯೊಂದಕ್ಕೆ ಸೇರಿಸಲಾಯಿತು. ವೈದ್ಯರ ಸಲಹೆಯೇ ಹಾಗಿತ್ತು. ಸುಮಾರು ಒಂದು ವರ್ಷದ ಬಳಿಕ ತಂದೆತಾಯಿ ಅವನನ್ನು ಮರಳಿ ಕರೆತಂದರು. ವಕೀಲರಾಗಿದ್ದ ತಂದೆ ಮಗನ ನಡವಳಿಕೆಯನ್ನು ಕುರಿತು 33 ಪುಟಗಳ ಪತ್ರವನ್ನು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಲಿಯೋ ಕ್ಯಾನರ್ ಅವರಿಗೆ ಬರೆದರು. 1943ರಲ್ಲಿ ಕ್ಯಾನರ್ ಪ್ರಕಟಿಸಿದ ಹನ್ನೊಂದು ಮಕ್ಕಳ ವರದಿಯಲ್ಲಿ ಮೊದಲನೆಯವನು ಈ ಡೊನಾಲ್ಡ್. ಆ ವರದಿಯ ಹಿಂದೆ ಒಬ್ಬ ತಂದೆಯ ತಾಳ್ಮೆಯ ವೀಕ್ಷಣೆ ಇತ್ತೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು.

ನನಗೆ ಬಹಳ ಹಿಡಿಸಿದ್ದು ಹೊಲದ ಪ್ರಸಂಗ. 1942ರಲ್ಲಿ ಡೊನಾಲ್ಡ್‌ನನ್ನು ಮನೆಯಿಂದ ಸುಮಾರು ಹತ್ತು ಮೈಲಿ ದೂರದ ಒಂದು ರೈತ ದಂಪತಿಗಳ ಬಳಿ ಬಿಡಲಾಯಿತು. ಹುಡುಗನಿಗೆ ಎಣಿಸುವ, ಅಳೆಯುವ ಗೀಳು. ಆ ದಂಪತಿ ಅದನ್ನು ಬಿಡಿಸಲು ಹೋಗಲಿಲ್ಲ. ಅಳತೆಯ ಹುಚ್ಚಿದೆಯೆ? ಬಾವಿ ತೋಡಿ ಅದರ ಆಳ ಎಷ್ಟಾಯಿತೆಂದು ಹೇಳು. ಎಣಿಸಬೇಕೆ? ಜೋಳದ ಸಾಲು ಉಳುತ್ತಾ ಎಣಿಸು. ಸತ್ತ ಹಕ್ಕಿ, ಹುಳುಗಳನ್ನು ಆಯ್ದು ತರುತ್ತಿದ್ದಾಗ ಅವುಗಳನ್ನು ಹೂಳಲು ಒಂದು ಮೂಲೆಯನ್ನೇ ಬಿಟ್ಟುಕೊಟ್ಟರು. 1945ರಲ್ಲಿ ನೋಡಲು ಹೋದ ಕ್ಯಾನರ್, ಹುಡುಗ ಕುದುರೆ ಕಟ್ಟಿ ನೇಗಿಲು ಹೊಡೆದು ಸಾಲಿನ ಕೊನೆಯಲ್ಲಿ ತಿರುಗಿಸುವುದನ್ನು ಕಂಡು ಬೆರಗಾದರು. ಆ ದಂಪತಿ ಯಾವ ತರಬೇತಿ ಪಡೆದಿದ್ದರು? ಯಾವುದೂ ಇಲ್ಲ. ಮುಂದೆ ಡೊನಾಲ್ಡ್ 1958ರಲ್ಲಿ ಪದವಿ ಪಡೆದು, ತನ್ನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ಮೂವತ್ತಕ್ಕೂ ಹೆಚ್ಚು ದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆಯಲು ಬಂದ ಈ ಪತ್ರಕರ್ತರಿಗೆ ಊರಿನ ಕೆಲವರು, ಡಾನ್‌ಗೆ ನೋವಾಗುವಂತೆ ಮಾಡಿದರೆ ನಿಮ್ಮನ್ನು ಬಿಡುವುದಿಲ್ಲ ಎಂದು ಎಚ್ಚರಿಕೆ ಕೊಟ್ಟರಂತೆ. ಹದಿಹರೆಯದಲ್ಲಿ ಅವರು ಶಾಲೆಯ ಗೋಡೆಯ ಇಟ್ಟಿಗೆಗಳನ್ನು ಒಂದೇ ನೋಟದಲ್ಲಿ ಎಣಿಸಿದರೆಂಬ ಕಥೆ ಊರಲ್ಲಿ ಬಹುಕಾಲ ಓಡಾಡಿತ್ತು. ವಯಸ್ಸಾದ ಮೇಲೆ ಅವರೇ ಒಪ್ಪಿಕೊಂಡರು: ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿದ್ದೆ, ಆ ಹುಡುಗರು ನನ್ನನ್ನು ಮೆಚ್ಚಲಿ ಎಂದು. ಆಟಿಸಂ ಇರುವವರಿಗೆ ಸ್ನೇಹ ಬೇಕಿಲ್ಲ ಎನ್ನುವವರು ಈ ಪುಟವನ್ನು ಎರಡು ಸಲ ಓದಲಿ.

ನನ್ನ ಆಕ್ಷೇಪ ಇರುವುದೂ ಇಲ್ಲಿಯೇ. ಲೇಖಕರು ಫಾರೆಸ್ಟ್ ಪಟ್ಟಣವನ್ನು ಮಾದರಿಯಂತೆ ಎತ್ತಿ ಹಿಡಿಯುತ್ತಾರೆ. ಒಂದು ವೀಕ್ಷಣೆಯಿಂದ ನಿಯಮವನ್ನು ಹೇಳಬಾರದೆಂದು ನಾವು ಪ್ರಯೋಗಾಲಯದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಸಮೀಕರಣವನ್ನು ಬಿಡಿಸುವ ಮೊದಲು ಸೀಮಾ ನಿಬಂಧನೆಗಳನ್ನು ಬರೆದುಕೊಳ್ಳಿ ಎನ್ನುತ್ತೇವೆ. ಡೊನಾಲ್ಡ್ ಅವರ ಸೀಮಾ ನಿಬಂಧನೆಗಳೇನು? ತಾಯಿಯ ತವರಿನವರು ಊರಿನ ಬ್ಯಾಂಕಿನ ಒಡೆಯರು. ತಂದೆ ಊರಿನ ಗಣ್ಯ ವಕೀಲ. ತಮ್ಮ ನಂತರವೂ ಮಗನ ಖರ್ಚು ನಡೆಯುವಂತೆ ಟ್ರಸ್ಟ್ ಮಾಡಿಟ್ಟವರು. ಅದು ವರ್ಣಭೇದ ಕಾನೂನಾಗಿದ್ದ ಕಾಲದ ಮಿಸಿಸಿಪ್ಪಿ. ಅದೇ ಬೀದಿಯ ಕಪ್ಪು ಕುಟುಂಬದ ಮಗುವಿಗೆ ಬಾಲ್ಟಿಮೋರ್‌ನ ದಾರಿ ತೆರೆದಿತ್ತೆ? ಹಣದ ಸಂಗತಿಯನ್ನು ಲೇಖಕರು ಮುಚ್ಚಿಟ್ಟಿಲ್ಲ ಎಂಬುದು ನಿಜ. ಆದರೆ ಅದನ್ನು ಹೇಳಿ ಮುಂದೆ ಸಾಗುತ್ತಾರೆ, ಬೆನ್ನು ಹತ್ತುವುದಿಲ್ಲ. ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಂದಿ ಏನಾದರೆಂದು ಹುಡುಕಿದಾಗ, ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಪಾಲಾದವರು ಮೊದಲಿದ್ದ ಶಕ್ತಿಯನ್ನೂ ಕಳೆದುಕೊಂಡಿದ್ದರು. ಅವರ ತೊಂದರೆಗಳೇ ಹೆಚ್ಚು ತೀವ್ರವಾಗಿದ್ದಿರಬಹುದು, ಆದ್ದರಿಂದ ಇದನ್ನು ಕಾರ್ಯಕಾರಣ ಎನ್ನಲಾಗದು. ಆದರೂ ಹೋಲಿಕೆಗೆ ಇಷ್ಟು ದೊರೆತಿರುವಾಗ, ಒಬ್ಬ ಅದೃಷ್ಟವಂತನ ಊರಿಗೆ ಇಷ್ಟೊಂದು ಪುಟ ಏಕೆ?

ಊರಿನ ಒಳ್ಳೆಯತನವನ್ನು ಇನ್ನೊಂದು ಊರಿಗೆ ಸಾಗಿಸಲಾಗುವುದಿಲ್ಲ. ಸಾಗಿಸಬಹುದಾದದ್ದು ಬೇರೆ ಅಧ್ಯಾಯಗಳಲ್ಲಿದೆ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಅವರ ಮಗನಿಗೆ ಆಟಿಸಂ ಇತ್ತು. ತಾಯಂದಿರ ಶೀತಲ ಮನಸ್ಸೇ ಇದಕ್ಕೆ ಕಾರಣ ಎಂಬುದು ಆಗಿನ ಪಂಡಿತರ ಮತ. ರಿಮ್ಲೆಂಡ್ 1964ರಲ್ಲಿ ಪುಸ್ತಕ ಬರೆದು ಆ ಮತವನ್ನು ಅಲ್ಲಗಳೆದರು. ಅದರ ಕೊನೆಯಲ್ಲಿ ಮಗುವಿನ ಲಕ್ಷಣಗಳ ಪ್ರಶ್ನಾವಳಿಯೊಂದಿತ್ತು. ಊರೂರಿನ ತಂದೆತಾಯಂದಿರು ಅದನ್ನು ತುಂಬಿ ಅವರಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. ಪ್ರಶ್ನಾವಳಿ ಇದ್ದದ್ದು ದತ್ತಾಂಶಕ್ಕಾಗಿ, ಆದರೆ ಅದು ವಿಳಾಸಗಳ ಪಟ್ಟಿಯೂ ಆಯಿತು! 1965ರಲ್ಲಿ ರಾಷ್ಟ್ರೀಯ ಸಂಘಟನೆ ಹುಟ್ಟಿತು. ಮಗು ತನ್ನದೊಂದೇ ಎಂದುಕೊಂಡಿದ್ದ ತಾಯಿಗೆ ಇನ್ನೊಬ್ಬ ತಾಯಿ ಸಿಕ್ಕಳು. ಮುಂದೆ, ವಿಕಲಚೇತನ ಮಕ್ಕಳಿಗೂ ಶಾಲೆಯ ಹಕ್ಕಿದೆಯೆಂದು ಪೆನ್ಸಿಲ್ವೇನಿಯಾದ ಪೋಷಕರು 1971ರಲ್ಲಿ ನ್ಯಾಯಾಲಯಕ್ಕೆ ಹೋದರು. 1975ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂತು. ಬ್ಯಾಂಕಿನ ಒಡೆಯರ ಮಗನಲ್ಲದ ಮಗುವಿಗೆ ದೊರೆತ ನೆರವು ಇದು.

ಹೀಗೆ ಕೂಡಿಕೊಂಡ ಪೋಷಕರು ಮೋಸಹೋಗುವುದೂ ಉಂಟು. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಕೇವಲ ಹನ್ನೆರಡು ಮಕ್ಕಳ ವರದಿಯ ಮೇಲೆ ಲಸಿಕೆಯತ್ತ ಬೆರಳು ತೋರಿಸಿದರು. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ನಡುವಿನ ವರ್ಷಗಳಲ್ಲಿ ಎಷ್ಟೋ ಪೋಷಕರ ಹಣ, ಶಕ್ತಿ ಅಲ್ಲಿ ಹರಿದುಹೋಯಿತು. 1990ರ ದಶಕದ ಇನ್ನೊಂದು ಸಂಗತಿ ತರಗತಿಯಲ್ಲಿ ಹೇಳಲು ಯೋಗ್ಯ. ಮಾತು ಬಾರದ ಮಗುವಿನ ಕೈಯನ್ನು ಸಹಾಯಕರೊಬ್ಬರು ಹಿಡಿದುಕೊಂಡರೆ ಮಗು ಟೈಪ್ ಮಾಡಿ ಮನಸ್ಸಿನ ಮಾತನ್ನು ಹೇಳುತ್ತದೆ ಎಂದು ನಂಬಲಾಗಿತ್ತು. ಪರೀಕ್ಷೆ ಬಹಳ ಸರಳ: ಮಗುವಿಗೆ ಒಂದು ಚಿತ್ರ, ಸಹಾಯಕರಿಗೆ ಮತ್ತೊಂದು ಚಿತ್ರ ತೋರಿಸಿ. ಟೈಪಾದದ್ದು ಸಹಾಯಕರು ಕಂಡ ಚಿತ್ರದ ಹೆಸರು. ಸಹಾಯಕರು ಸುಳ್ಳು ಹೇಳುತ್ತಿರಲಿಲ್ಲ, ತಮ್ಮ ಕೈಯೇ ಚಲಿಸುತ್ತಿದೆಯೆಂದು ಅವರಿಗೇ ತಿಳಿದಿರಲಿಲ್ಲ. ನಮ್ಮಲ್ಲಿಯೂ ‘ಆರು ತಿಂಗಳಲ್ಲಿ ಗುಣ’ ಎಂಬ ಫಲಕಗಳಿಗೆ ಕೊರತೆಯಿಲ್ಲ. ಶಿಕ್ಷಕರು ಪೋಷಕರಿಗೆ ಈ ಎರಡು ಚಿತ್ರಗಳ ಕಥೆಯನ್ನು ಹೇಳಬಹುದು.

ಪುಸ್ತಕದ ಬಹುಪಾಲು ಅಮೆರಿಕ, ಸ್ವಲ್ಪ ಬ್ರಿಟನ್. ಹುಡುಗನ ತಂದೆತಾಯಿ ಕೇಳಿದ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲವಾದ್ದರಿಂದ ನಾನೇ ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗಿಟ್ಟೆ. ತಪಾಸಣೆಗೆ ಜಿಲ್ಲಾ ಆಸ್ಪತ್ರೆ. ಹೆಚ್ಚಿನ ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಅದರಡಿ ಒಂದು ಲಕ್ಷ ರೂಪಾಯಿವರೆಗಿನ ‘ನಿರಾಮಯ’ ಆರೋಗ್ಯ ವಿಮೆ ಇದೆ. ಹದಿನೆಂಟು ತುಂಬಿದ ಮೇಲೆ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿಯೂ ಆಟಿಸಂ ಇದೆ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಶಿಕ್ಷಕರು ಮೊದಲು ಹೋಗಬೇಕಾದದ್ದು ಇವರ ಬಳಿಗೆ. ಪೋಷಕರೇ ಕಟ್ಟಿದ ಸಂಸ್ಥೆಗೆ ಉದಾಹರಣೆ ಬೇಕಾದರೆ, ಮೆರ್ರಿ ಬರುವಾ ಎಂಬ ತಾಯಿ 1991ರಲ್ಲಿ ದೆಹಲಿಯಲ್ಲಿ ಆರಂಭಿಸಿದ ‘ಆಕ್ಷನ್ ಫಾರ್ ಆಟಿಸಂ’ ಇದೆ.

ಪ್ರಮಾಣಪತ್ರದ ಬಗ್ಗೆ ಭೌತವಿಜ್ಞಾನದವನ ಒಂದು ಮಾತು. ಅದಕ್ಕೆ ಆಧಾರವೆಂದು ಕೇಂದ್ರ ಸರ್ಕಾರ 2016ರಲ್ಲಿ ಸೂಚಿಸಿದ ಭಾರತೀಯ ಆಟಿಸಂ ಮಾಪನದಲ್ಲಿ 40 ಅಂಶಗಳಿವೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಇದು ಮೀಟರ್ ಪಟ್ಟಿಯಲ್ಲ. 140 ಬಂದ ಮಗುವಿಗೆ 70 ಬಂದ ಮಗುವಿನ ಎರಡರಷ್ಟು ಆಟಿಸಂ ಇದೆಯೆಂದು ಅರ್ಥವಲ್ಲ, 69 ಬಂದ ಮಗುವಿಗೆ ತರಗತಿಯಲ್ಲಿ ನೆರವು ಬೇಡವೆಂದೂ ಅಲ್ಲ. ಅಂಕ ಕಚೇರಿಗೆ ಬೇಕು. ಶಿಕ್ಷಕರಿಗೆ ಆ ರೈತ ದಂಪತಿಗಳ ಕಣ್ಣು ಬೇಕು.

ಕೊನೆಯ ಆಕ್ಷೇಪ: ಆಟಿಸಂ ಇರುವವರು ತಾವೇ ಮಾತನಾಡುವುದು ಈ ಪುಸ್ತಕದಲ್ಲಿ ಬಹಳ ತಡವಾಗಿ. ಬಹುತೇಕ ಪುಟಗಳಲ್ಲಿ ಅವರ ಪರವಾಗಿ ಇತರರು ಮಾತನಾಡುತ್ತಾರೆ. ನಮಗಾಗಿ ಶೋಕಿಸಬೇಡಿ ಎಂದು 1993ರಲ್ಲಿ ಪೋಷಕರಿಗೆ ಹೇಳಿದ ಜಿಮ್ ಸಿಂಕ್ಲೇರ್ ಅವರಂಥವರಿಗೆ ಇನ್ನಷ್ಟು ಮುಂಚೆಯೇ ಜಾಗ ಸಿಗಬೇಕಿತ್ತು.

ಪುಸ್ತಕ ದಪ್ಪವಾಗಿದೆ, ಇಂಗ್ಲಿಷ್ ಸುಲಭವಾಗಿದೆ. ಸಮಯವಿಲ್ಲದವರು ಹೊಲದ ಪ್ರಸಂಗವನ್ನೂ ಪೋಷಕರ ಹೋರಾಟದ ಅಧ್ಯಾಯಗಳನ್ನೂ ಮೊದಲು ಓದಿಕೊಳ್ಳಿ. ನನ್ನ ಪ್ರತಿ ಇನ್ನೂ ಆ ಶಿಕ್ಷಕಿಯ ಬಳಿಯೇ ಇದೆ. ಶನಿವಾರ ಮಧ್ಯಾಹ್ನ ಹುಡುಗನ ತಂದೆತಾಯಿಗೆ ಸ್ವಲ್ಪ ಸ್ವಲ್ಪವೇ ಕನ್ನಡದಲ್ಲಿ ಹೇಳುತ್ತಿದ್ದಾರಂತೆ. ಬಾವಿ ತೋಡುವಲ್ಲಿಗೆ ಬಂದಾಗ ಹುಡುಗ ತಾನೂ ಕೇಳಿಸಿಕೊಳ್ಳುತ್ತಿದ್ದವನು, ಆಳ ಎಷ್ಟು ಅಡಿ ಎಂದು ಕೇಳಿದನಂತೆ. ಪುಸ್ತಕ ಹುಡುಕಿದರು, ಅಂಕಿ ಸಿಗಲಿಲ್ಲ ಎಂದು ನನಗೆ ಮತ್ತೆ ಫೋನು ಬಂತು.