ಹತ್ತಡಿ ಎತ್ತರದ ಬುಟ್ಟಿ

1893ರಲ್ಲಿ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಆಡಿಸಿದಾಗ ಅಂಕಣವನ್ನು ಮೂರು ಭಾಗ ಮಾಡಿದ್ದರು; ಆಟಗಾರ್ತಿ ತನ್ನ ಭಾಗ ದಾಟುವಂತಿರಲಿಲ್ಲ. ಹೆಣ್ಣಿನ ಮೈಗೆ ಅಷ್ಟು ಓಟ ಒಗ್ಗದು ಎಂಬುದು ಆ ಕಾಲದ ನಂಬಿಕೆ.

ಆ ಗೆರೆಗಳು ಎಂದೋ ಅಳಿಸಿಹೋದವು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ಅಂಕಣದ ತುಂಬ ಓಡಾಡಿ, ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75–73ರಿಂದ ಮಣಿಸಿ ಎ ವಿಭಾಗಕ್ಕೇರಿದರು.

ಈ ಆಟದ ನ್ಯಾಯ ನನಗೆ ಬಲು ಮೆಚ್ಚು: ವನಿತೆಯರ ಚೆಂಡು ತುಸು ಚಿಕ್ಕದಾದರೂ ಬುಟ್ಟಿಯ ಎತ್ತರ ಗಂಡಿಗೂ ಹೆಣ್ಣಿಗೂ ಹತ್ತೇ ಅಡಿ. ಸಣ್ಣಪುಟ್ಟ ಊರುಗಳಿಗೂ ಬೇಕಾದದ್ದು ಇಷ್ಟೇ: ಶಾಲೆಯಂಗಳದಲ್ಲೊಂದು ಕಂಬ, ಮಗಳನ್ನು ಸಂಜೆ ಆಟಕ್ಕೆ ಕಳಿಸುವ ಅಪ್ಪ-ಅಮ್ಮ.