ಪತ್ರಕರ್ತರ ಹತ್ಯೆ ಮತ್ತು ವಿಮರ್ಶೆಯ ಹೊಣೆ: ಗೌರಿ ಲಂಕೇಶ್ ಪ್ರಕರಣದ ಹಿನ್ನೆಲೆಯಲ್ಲಿ

ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕುರಿತ ಕನ್ನಡದ ಚಿಂತನೆಯು ಬಹುಮಟ್ಟಿಗೆ ಪ್ರಭುತ್ವವನ್ನೇ ಎದುರಾಳಿಯನ್ನಾಗಿ ಕಲ್ಪಿಸಿಕೊಂಡು ಬೆಳೆದುಬಂದಿದೆ. ಮೈಸೂರು ಸಂಸ್ಥಾನವು 1908ರಲ್ಲಿ ಪತ್ರಿಕಾ ನಿರ್ಬಂಧ ಕಾಯಿದೆಯನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರಂಥ ಸಂಪಾದಕರು ಅದನ್ನು ಪ್ರತಿಭಟಿಸಿದರು. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿಯೂ ಲೇಖನಿಯನ್ನು ತಡೆದದ್ದು ಸರ್ಕಾರದ ಕೈಯೇ. ಸಂವಿಧಾನದ 19ನೆಯ ವಿಧಿಯೂ ಮುಖ್ಯವಾಗಿ ಪ್ರಭುತ್ವದ ಅಧಿಕಾರಕ್ಕೆ ಮಿತಿ ಹಾಕುತ್ತದೆ. ಆದರೆ ಪತ್ರಕರ್ತನನ್ನು ಕೊಲ್ಲಲು ಬರುವವನು ಸರ್ಕಾರದ ಆಜ್ಞೆಯನ್ನು ಹಿಡಿದು ಬರುವುದಿಲ್ಲ. ಯಾವುದೋ ಶ್ರದ್ಧೆಯ ರಕ್ಷಕನೆಂದು ತನ್ನನ್ನು ತಾನೇ ನೇಮಿಸಿಕೊಂಡು ಬರುತ್ತಾನೆ. ಈ ಹಿಂಸೆಯನ್ನು ಎದುರಿಸಲು ಹಳೆಯ ಪರಿಭಾಷೆ ಎಷ್ಟರಮಟ್ಟಿಗೆ ಸಾಲುತ್ತದೆ ಎಂಬುದು ಪ್ರಸ್ತುತ ಲೇಖನದ ವಿಚಾರ.

2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದ ತಮ್ಮ ಮನೆಯ ಮುಂದೆ ಗೌರಿ ಲಂಕೇಶ್ ಹತ್ಯೆಗೀಡಾದರು. ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ನುರಿತಿದ್ದ ಅವರು, 2000ದಲ್ಲಿ ತಂದೆ ಪಿ. ಲಂಕೇಶರು ನಿಧನರಾದ ಮೇಲೆ ಲಂಕೇಶ್ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡರು. 2005ರಲ್ಲಿ ತಮ್ಮದೇ ವಾರಪತ್ರಿಕೆಯನ್ನು ಆರಂಭಿಸಿದರು. ವಿಶೇಷ ತನಿಖಾ ತಂಡವು 2018ರ ನವೆಂಬರ್‌ನಲ್ಲಿ ಸಲ್ಲಿಸಿದ 9,235 ಪುಟಗಳ ಆರೋಪಪಟ್ಟಿಯಲ್ಲಿ 18 ಜನರನ್ನು ಹೆಸರಿಸಲಾಯಿತು. ಆಪಾದಿತರಿಗೂ ಗೌರಿಯವರಿಗೂ ವೈಯಕ್ತಿಕ ದ್ವೇಷವಿರಲಿಲ್ಲ, ಅವರು ನಂಬಿದ, ಬರೆದ, ಆಡಿದ ವಿಚಾರಗಳೇ ಹತ್ಯೆಗೆ ಕಾರಣ ಎಂಬುದು ತನಿಖಾ ತಂಡದ ನಿಲುವು. ವಿಚಾರಣೆಯು 2022ರ ಜುಲೈನಲ್ಲಿ ಆರಂಭವಾಯಿತು.

ಈ ಹತ್ಯೆಗೆ ಹಿಂದಿನ ಒಂದು ಘಟನೆಯನ್ನು ನಮ್ಮ ಚರ್ಚೆಗಳು ಸಾಕಷ್ಟು ಗಮನಿಸಿಲ್ಲ. 2008ರಲ್ಲಿ ಗೌರಿಯವರ ಪತ್ರಿಕೆ ಪ್ರಕಟಿಸಿದ ವರದಿಯೊಂದರಿಂದ ತಮಗೆ ಮಾನಹಾನಿಯಾಯಿತೆಂದು ಕೆಲವು ರಾಜಕಾರಣಿಗಳು ದೂರು ಸಲ್ಲಿಸಿದ್ದರು. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ಗೌರಿಯವರಿಗೆ ಆರು ತಿಂಗಳ ಸೆರೆವಾಸ ಮತ್ತು ದಂಡವನ್ನು ವಿಧಿಸಿತು. ಅವರು ಜಾಮೀನು ಪಡೆದರು. ಮಾನಹಾನಿಯನ್ನು ಕ್ರಿಮಿನಲ್ ಅಪರಾಧವೆಂದು ಎಣಿಸುವುದು ಉಚಿತವೇ ಎಂಬ ಪ್ರಶ್ನೆ ಬೇರೆ. ಇಲ್ಲಿ ಮುಖ್ಯವಾದದ್ದು, ನೊಂದವರಿಗೆ ಒಂದು ದಾರಿ ಇತ್ತು, ಅವರು ಅದನ್ನು ಹಿಡಿದರು, ಸಂಪಾದಕರು ಅದಕ್ಕೆ ಉತ್ತರ ಕೊಡುವ ಹೊಣೆಯಿಂದ ನುಣುಚಿಕೊಳ್ಳಲಿಲ್ಲ ಎಂಬ ಸಂಗತಿ. ಹೀಗಿರುವಾಗ ‘ಅವರ ಬರಹ ಅತಿಯಾಯಿತು, ಅದಕ್ಕೇ ಹೀಗಾಯಿತು’ ಎಂಬ ಮಾತು ವಾದವಾಗಿ ನಿಲ್ಲುವುದಿಲ್ಲ. ಬರಹ ಅತಿಯಾಗಿತ್ತೇ ಎಂಬುದನ್ನು ತೀರ್ಮಾನಿಸುವ ವ್ಯವಸ್ಥೆ ಕೆಲಸ ಮಾಡುತ್ತಲೇ ಇತ್ತು. ಕೊಂದವರಿಗೆ ಬೇಕಾಗಿದ್ದದ್ದು ತೀರ್ಮಾನವಲ್ಲ, ಮೌನ.

ಈ ಮೌನವು ಹತರಾದವರ ಮಟ್ಟಿಗೆ ಮಾತ್ರ ನಿಲ್ಲುವುದಿಲ್ಲ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಹತರಾದ ನರೇಂದ್ರ ದಾಭೋಲ್ಕರ್ ಮೂಢನಂಬಿಕೆಯ ವಿರುದ್ಧದ ಚಳವಳಿಗಾರರು ಮಾತ್ರವಲ್ಲ, ‘ಸಾಧನಾ’ ವಾರಪತ್ರಿಕೆಯ ಸಂಪಾದಕರೂ ಆಗಿದ್ದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯಲ್ಲಿಯೇ ಹತರಾದರು. 1989ರಲ್ಲಿ, ‘ಮಾರ್ಗ’ದ ಕೆಲವು ಬರಹಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾದ ಪ್ರಸಂಗ ಅವರಿಗೆ ಒದಗಿತ್ತು. ಆ ದಿನ ನಷ್ಟವಾದದ್ದು ಒಬ್ಬ ವಿದ್ವಾಂಸರ ಕೆಲವು ಪುಟಗಳು ಮಾತ್ರವಲ್ಲ. ಆ ಪುಟಗಳನ್ನು ಆಧಾರಸಹಿತವಾಗಿ ಅಲ್ಲಗಳೆಯಬಹುದಾಗಿದ್ದ ಮತ್ತೊಬ್ಬ ವಿದ್ವಾಂಸರ ಅವಕಾಶವೂ ನಷ್ಟವಾಯಿತು. ಬೆದರಿಕೆಯಿಂದ ಹಿಂತೆಗೆಸಿದ ಮತವು ಖಂಡಿತವಾದ ಮತವಲ್ಲ. ಸಂಶೋಧನೆಯ ದೃಷ್ಟಿಯಿಂದ ಅದು ಪರೀಕ್ಷೆಗೆ ಒಳಗಾಗದೆ ಉಳಿದ ಮತ.

ಹಾಗಾದರೆ ಪ್ರಭುತ್ವದ ಪಾತ್ರವೇನು? ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯವು 1989ರ ಎಸ್. ರಂಗರಾಜನ್ ಪ್ರಕರಣದಲ್ಲಿ ಉತ್ತರಿಸಿದೆ. ಪ್ರತಿಭಟನೆ, ಮೆರವಣಿಗೆ ಅಥವಾ ಹಿಂಸೆಯ ಬೆದರಿಕೆ ಇದೆಯೆಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು, ಅದನ್ನು ರಕ್ಷಿಸುವುದು ರಾಜ್ಯದ ಕರ್ತವ್ಯ, ಅಸಹಾಯಕತೆಯನ್ನು ಮುಂದೊಡ್ಡುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ಹಳೆಯ ಪರಿಭಾಷೆಯಲ್ಲಿ ‘ಕೈ ಹಾಕಬೇಡ’ ಎಂದು ಪ್ರಭುತ್ವಕ್ಕೆ ಹೇಳಿದರೆ ಸಾಕಾಗಿತ್ತು. ಈಗ ‘ಕೈಕಟ್ಟಿ ಕೂರಬೇಡ’ ಎಂದೂ ಹೇಳಬೇಕಾಗಿದೆ. ದಾಭೋಲ್ಕರ್ ಹತ್ಯೆಯಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆಯಾದದ್ದು 2024ರ ಮೇ ತಿಂಗಳಲ್ಲಿ. ಅದೇ ತೀರ್ಪಿನಲ್ಲಿ ಮೂವರು ಖುಲಾಸೆಯಾದರು. ತೀರ್ಪಿಗೆ ಹತ್ತು ವರ್ಷಕ್ಕೂ ಮಿಗಿಲಾದ ಕಾಲ ಹಿಡಿದದ್ದು ಸ್ವಾತಂತ್ರ್ಯದ ಚರ್ಚೆಗೆ ಹೊರತಾದ ವಿಷಯವಲ್ಲ.

ಸಾಹಿತ್ಯಲೋಕದ ಪ್ರತಿಕ್ರಿಯೆಯನ್ನೂ ವಿಮರ್ಶೆಗೆ ಒಡ್ಡಬೇಕು. ಕಲಬುರ್ಗಿಯವರ ಹತ್ಯೆಯ ನಂತರ ಹಲವು ಭಾಷೆಗಳ ಲೇಖಕರು ಪ್ರಶಸ್ತಿಗಳನ್ನು ಹಿಂತಿರುಗಿಸಿದರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಕಾರ್ಯಕಾರಿ ಮಂಡಳಿ 2015ರ ಅಕ್ಟೋಬರ್ 23ರಂದು ಸೇರಿ ಹತ್ಯೆಯನ್ನು ಖಂಡಿಸಿತು. 2015ರ ಜನವರಿ 7ರಂದು ಪ್ಯಾರಿಸ್ಸಿನ ಶಾರ್ಲಿ ಎಬ್ದೊ ಪತ್ರಿಕೆಯ ಮೇಲಿನ ದಾಳಿಯಲ್ಲಿ 12 ಜನ ಹತರಾದಾಗ ‘ನಾನು ಶಾರ್ಲಿ’ ಎಂಬ ಘೋಷ ಹುಟ್ಟಿತು. 2017ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಸಮಾವೇಶದಲ್ಲಿ ‘ನಾನು ಗೌರಿ’ ಎಂಬುದು ಮೊಳಗಿತು. ಭಯವನ್ನು ಹಂಚಿಕೊಂಡು ಹಗುರಗೊಳಿಸುವ ಶಕ್ತಿ ಇಂಥ ಘೋಷಕ್ಕೆ ಇದೆ. ಆದರೆ ತಾದಾತ್ಮ್ಯವನ್ನೇ ಸಮರ್ಥನೆಯ ಷರತ್ತಾಗಿಸುವ ಅಪಾಯವೂ ಅದರಲ್ಲಿದೆ. ‘ನಾನು ಗೌರಿಯಲ್ಲ, ಅವರ ಅನೇಕ ನಿಲುವುಗಳನ್ನು ಒಪ್ಪುವವನೂ ಅಲ್ಲ, ಆದರೆ ಅವರು ಬದುಕಿ ಬರೆಯಬೇಕಾಗಿತ್ತು’ ಎನ್ನುವವನಿಗೂ ಆ ಸಭೆಯಲ್ಲಿ ಸ್ಥಳವಿರಬೇಕು. ಸಮ್ಮತಿಯುಳ್ಳ ಮಾತನ್ನು ರಕ್ಷಿಸಲು ಸ್ವಾತಂತ್ರ್ಯದ ತತ್ತ್ವ ಬೇಕಾಗಿಯೇ ಇಲ್ಲ.

ಹತರಾದ ಲೇಖಕರನ್ನು ಹುತಾತ್ಮರೆಂದು ಪೂಜಿಸಿ ಅವರ ಬರಹವನ್ನು ಓದದೆ ಬಿಡುವುದು ಇನ್ನೊಂದು ಬಗೆಯ ಉಪೇಕ್ಷೆ. ವಾರಪತ್ರಿಕೆಯ ಬರಹ ಅವಸರದ್ದು, ಅದರಲ್ಲಿ ತಪ್ಪುಗಳಿರುತ್ತವೆ, ಉದ್ರೇಕವಿರುತ್ತದೆ. ಅವುಗಳನ್ನು ಗುರುತಿಸುವುದು ಮೃತರಿಗೆ ಮಾಡುವ ಅಗೌರವವಲ್ಲ. ವಿಮರ್ಶೆ ಆ ಕೆಲಸವನ್ನು ಬಿಟ್ಟುಕೊಟ್ಟರೆ, ಗೌರಿಯವರ ಬರಹವನ್ನು ಕುರಿತ ಪ್ರಶ್ನೆಗಳು ಹಂತಕರ ಪಕ್ಷದ ಸೊತ್ತಾಗಿಬಿಡುತ್ತವೆ. ಆದ್ದರಿಂದ ಜಾಹೀರಾತಿನ ನೆರವಿಲ್ಲದೆ ಚಂದಾದಾರರನ್ನೇ ನಂಬಿ ನಡೆದ ಇಂಥ ಸಣ್ಣ ಪತ್ರಿಕೆಗಳ ಸಂಚಿಕೆಗಳನ್ನು ನಮ್ಮ ಗ್ರಂಥಾಲಯಗಳು ಕ್ರಮವಾಗಿ ಸಂಗ್ರಹಿಸಿ ಸೂಚಿಗಳನ್ನು ಸಿದ್ಧಪಡಿಸುವುದು, ಸಂಶೋಧಕರು ಅವುಗಳನ್ನು ಒಪ್ಪಿಗೆ ಮತ್ತು ಭಿನ್ನಮತಗಳೆರಡರೊಂದಿಗೂ ಓದುವುದು ಸಂತಾಪಸೂಚನೆಗಿಂತ ಹೆಚ್ಚು ಕಾಲ ಉಳಿಯುವ ಪ್ರತಿಕ್ರಿಯೆಯಾದೀತು.