ಗ್ರಂಥಾಲಯದ ಕಪಾಟುಗಳೂ ತೆಂಗಿನ ಸೀಮೆಯ ಚರಿತ್ರೆಯೂ

ಗ್ರಂಥವಿಮರ್ಶೆಯೆಂದರೆ ಒಂದು ಗ್ರಂಥವನ್ನೋ ಒಬ್ಬ ಗ್ರಂಥಕರ್ತನನ್ನೋ ಕುರಿತದ್ದೆಂಬುದು ವಾಡಿಕೆ. ಪ್ರಕೃತ ಲೇಖನದಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಗ್ರಂಥಸಂಗ್ರಹವನ್ನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿರುವ ಒಂದು ಸಾರ್ವಜನಿಕ ಗ್ರಂಥಾಲಯಕ್ಕೆ, ಶಾಸನವೊಂದರ ಪಾಠವನ್ನು ಸರಿನೋಡುವ ಸಲುವಾಗಿ ನಾವು ಹೋಗಬೇಕಾಯಿತು. ಅರ್ಧ ಗಂಟೆಯ ಕೆಲಸ. ಆದರೆ ನಾಲ್ಕು ದಿನ ಅಲ್ಲಿಯೇ ಉಳಿದೆವು. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ತರುವಾಯ ನಾಡಿನಲ್ಲಿ ತಲೆಯೆತ್ತಿದ ಗ್ರಂಥಾಲಯಗಳಲ್ಲಿ ಅದೂ ಒಂದಾದ್ದರಿಂದ ಅದರ ಹೆಸರು ಇಲ್ಲಿ ಮುಖ್ಯವಲ್ಲ.

ನಮ್ಮನ್ನು ಮೊದಲು ತಡೆದು ನಿಲ್ಲಿಸಿದ್ದು ಕಪಾಟುಗಳಲ್ಲ, ಓದುಗರು ಹಿಂದಿರುಗಿಸಿದ ಪುಸ್ತಕಗಳನ್ನು ಗುಡ್ಡೆಹಾಕಿದ್ದ ಒಂದು ಮೇಜು. ಸಕ್ಕರೆ ಕಾಯಿಲೆಯನ್ನು ಕುರಿತ ಕೈಪಿಡಿಯ ಮೇಲೆ ಒಂದು ಪತ್ತೇದಾರಿ ಕಾದಂಬರಿ, ಅದರ ಮೇಲೆ ತೆಂಗಿನ ನುಸಿ ರೋಗದ ಹತೋಟಿಯನ್ನು ಹೇಳುವ ಕಿರುಹೊತ್ತಗೆ, ಅದಕ್ಕೆ ಒರಗಿ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಒಂದು ಸಂಪುಟ. ಒಂದು ಊರಿನ ಜನ ನಿಜವಾಗಿ ಏನನ್ನು ಓದುತ್ತಾರೆಂಬುದನ್ನು ತಿಳಿಯುವುದಕ್ಕೆ ಇಂಥ ಮೇಜಿಗಿಂತ ಉತ್ತಮವಾದ ದಾಖಲೆಯಿಲ್ಲ. ಸಂಜೆಯ ಹೊತ್ತಿಗೆ ಸಹಾಯಕರು ಬಂದು ಅವನ್ನೆಲ್ಲ ತಂತಮ್ಮ ವರ್ಗಕ್ಕೆ ಸೇರಿಸಿಬಿಡುತ್ತಾರೆ. ವರ್ಗೀಕರಣವನ್ನು ನಾವು ಹಳಿಯುತ್ತಿಲ್ಲ. ಕೋಲನ್ ವರ್ಗೀಕರಣವನ್ನು 1933ರಲ್ಲಿ ಪ್ರಕಟಿಸಿದ ಎಸ್. ಆರ್. ರಂಗನಾಥನ್ ಅವರೇ ಓದುಗನಿಗೆ ಕಪಾಟುಗಳ ನಡುವೆ ಸ್ವೇಚ್ಛೆಯಾಗಿ ತಿರುಗಾಡುವ ಅವಕಾಶವಿರಬೇಕೆಂದು ವಾದಿಸಿದವರು. ವರ್ಗೀಕರಣವೂ ಸುತ್ತಾಟವೂ ಪರಸ್ಪರ ವಿರೋಧಿಗಳೆಂದು ಅವರು ಬಗೆಯಲಿಲ್ಲ. ಆದರೆ ಚರಿತ್ರೆಯ ಅಧ್ಯಾಪಕರಾದ ನಾವು ಹಾಗೆಯೇ ಬಗೆದವರಂತೆ ನಡೆದುಕೊಳ್ಳುತ್ತ ಬಂದಿದ್ದೇವೆ. ಚರಿತ್ರೆಯ ಕಪಾಟನ್ನು ಬಿಟ್ಟು ಆಚೆಗೆ ಕೈಚಾಚುವುದು ಕಾಲಹರಣವೆಂದು ನಮ್ಮಲ್ಲಿ ಅನೇಕರ ಮತ. ಈ ಮತವನ್ನು ಪರೀಕ್ಷಿಸುವುದಕ್ಕಾಗಿ ನಾವು ಒಂದು ಸಣ್ಣ ಪ್ರಯೋಗ ಮಾಡಿದೆವು: ಈ ಸೀಮೆಗೆ ಅನ್ನ ಕೊಡುವ ತೆಂಗನ್ನೇ ಹಿಡಿದು, ಅದು ಯಾವ ಯಾವ ಕಪಾಟಿನಲ್ಲಿ ಹೇಗೆ ಕಾಣುತ್ತದೆಂದು ನೋಡಿದೆವು.

ಚರಿತ್ರೆಯ ಕಪಾಟಿನಲ್ಲಿ ತೆಂಗು ಇಲ್ಲವೆಂದೇ ಹೇಳಬೇಕು. ಹೊಯ್ಸಳ ಮೂರನೆಯ ನರಸಿಂಹನ ಕಾಲದ ತುರುವೇಕೆರೆಯ ದೇಗುಲಗಳಿವೆ. 1286ರಲ್ಲಿ ಅಪ್ಪಯ್ಯ, ಗೋಪಾಲ, ಮಾಧವರೆಂಬ ಮೂವರು ದಂಡನಾಯಕರು ಕಟ್ಟಿಸಿದ ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯವಿದೆ. ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯ ಭುವನೇಶ್ವರಿಯ ವರ್ಣನೆಯಂತೂ ಮೂರು ಪುಸ್ತಕಗಳಲ್ಲಿ ಹೆಚ್ಚುಕಡಮೆ ಒಂದೇ ಮಾತುಗಳಲ್ಲಿದೆ. ಆ ಗುಡಿಗಳ ದೀಪಕ್ಕೂ ನೈವೇದ್ಯಕ್ಕೂ ಆದಾಯ ಯಾವ ಭೂಮಿಯಿಂದ ಬಂದಿತೆಂಬ ಪ್ರಶ್ನೆ ಈ ಪುಸ್ತಕಗಳಿಗೆ ಹೊಳೆದಿಲ್ಲ. ಕೃಷಿಯ ಕಪಾಟಿನ ಸ್ಥಿತಿ ಇದಕ್ಕೆ ಸರಿಯಾಗಿ ವಿಪರೀತವಾದುದು. ಅಲ್ಲಿ ತೆಂಗು ಉಂಟು, ಕಾಲವಿಲ್ಲ. ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಅಣಬೆ ರೋಗ, ಗೊಬ್ಬರದ ಪ್ರಮಾಣ ಎಲ್ಲವೂ ಸ್ಪಷ್ಟವಾಗಿ, ರೈತನಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದಿವೆ. ಬರವಣಿಗೆಯ ದೃಷ್ಟಿಯಿಂದ ನೋಡಿದರೆ ಆ ಗ್ರಂಥಾಲಯದ ಅತ್ಯುತ್ತಮ ಗದ್ಯ ಈ ಕಿರುಹೊತ್ತಗೆಗಳಲ್ಲಿದೆ ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಆದರೆ ಆ ಮರ ನಿನ್ನೆ ತಾನೆ ಇಲ್ಲಿ ಹುಟ್ಟಿತೆಂಬಂತೆ ಅವು ಮಾತನಾಡುತ್ತವೆ.

ದಾನವಾಗಿ ಬಂದ ಪುಸ್ತಕಗಳ ಬೀರುವಿನಲ್ಲಿ ನಮ್ಮ ಪ್ರಯೋಗ ಫಲಿಸಿತು. ಅಲ್ಲಿ ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನ 1897ರ ಆವೃತ್ತಿ ಇತ್ತು. ತೆಂಗಿನಲ್ಲಿ ನಾಲ್ಕು ಬಗೆಯೆಂದು ಅದು ಹೇಳುತ್ತದೆ: ಕೆಂಪು, ಹಸಿರು ಬೆರೆತ ಕೆಂಪು, ತಿಳಿಹಸಿರು, ಕಡುಹಸಿರು. ಅದೇ ಬೀರುವಿನ ಕೆಳಗಿನ ಅಂಕಣದಲ್ಲಿ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥದ ಮರುಮುದ್ರಣ. ಶ್ರೀರಂಗಪಟ್ಟಣವು 1799ರಲ್ಲಿ ಪತನವಾದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಹೊರಟ ಬುಕಾನನ್ ಚಿಕ್ಕನಾಯಕನಹಳ್ಳಿಯ ಸೀಮೆಯನ್ನೂ ಹಾದುಹೋದವನು. ಅವನ ಗ್ರಂಥ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ತೆಗೆದು ನೋಡಿದರೆ ಅದೇ ನಾಲ್ಕು ಬಣ್ಣ, ಅದೇ ಕ್ರಮ! 19ನೆಯ ಶತಮಾನದ ಕೊನೆಯ ಸಾಕ್ಷ್ಯವೆಂದು ನಾವು ಪಾಠ ಹೇಳುತ್ತಿದ್ದ ಮಾತು ವಾಸ್ತವವಾಗಿ ಅದಕ್ಕೆ ಸುಮಾರು ನೂರು ವರ್ಷ ಹಿಂದಿನದು. ಸಾಕ್ಷಿ ಇಬ್ಬರಲ್ಲ, ಒಬ್ಬನೇ. ಇಷ್ಟು ವರ್ಷ ತರಗತಿಯಲ್ಲಿ ಇದನ್ನು ತಪ್ಪಾಗಿ ಹೇಳಿದ ಹೊಣೆ ನಮ್ಮದೇ.

ಇಲ್ಲಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಬುಕಾನನ್ನನ ಕಾಲದಲ್ಲಿ ಬಣ್ಣದಿಂದ ಗುರುತಾಗುತ್ತಿದ್ದ ತೆಂಗು ಇಂದಿನ ಕೃಷಿಪುಸ್ತಕಗಳಲ್ಲಿ ‘ತಿಪಟೂರು ಟಾಲ್’ ಎಂದು ಊರಿನ ಹೆಸರಿನಿಂದ ಗುರುತಾಗುತ್ತದೆ. ಬಣ್ಣ ಹೋಗಿ ಊರು ಬಂದದ್ದು ಯಾವಾಗ, ಯಾರಿಂದ? ರೈಲೂ ಮಾರುಕಟ್ಟೆಯೂ ಈ ಊರನ್ನು ಕೊಬ್ಬರಿಯ ಊರಾಗಿ ಮಾಡಿದ ಮೇಲೆ ಎಂದು ನಾವು ಊಹಿಸುತ್ತೇವೆ. ಊಹೆಗೆ ಆಧಾರ ಮಾತ್ರ ಯಾವ ಕಪಾಟಿನಲ್ಲಿಯೂ ಇಲ್ಲ. ಪ್ರಶ್ನೆಯಂತೂ ಚರಿತ್ರೆಯ ಕಪಾಟಿನೆದುರು ಮಾತ್ರ ಕುಳಿತವನಿಗೆ ಎಂದೂ ಏಳುತ್ತಿರಲಿಲ್ಲ. ಹೆಸರನ್ನು ಕೊಟ್ಟರೆ ಪುಸ್ತಕವನ್ನು ತೋರಿಸುವ ಗಣಕಯಂತ್ರದ ಸೂಚಿಯೂ ಇಲ್ಲಿ ನೆರವಾಗದು, ಕೇಳಬೇಕಾದ ಹೆಸರೇ ನಮಗೆ ತಿಳಿದಿರಲಿಲ್ಲವಾದ್ದರಿಂದ.

ನಾವು ಹುಡುಕಿಹೋದ ಗ್ರಂಥ, 1904ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟ, ಪರಾಮರ್ಶನ ವಿಭಾಗದಲ್ಲಿ ಬೀಗದೊಳಗಿತ್ತು. ಗದ್ದೆ, ಬೆದ್ದಲೆ, ತೋಂಟ, ತೂಬು, ಖಂಡುಗ, ಕೊಳಗ ಎಂಬ ಮಾತುಗಳು ತುಂಬಿರುವುದು ಇಂಥ ಶಾಸನಗಳಲ್ಲಿಯೇ. ದಾನಪತ್ರಗಳ ಎಲ್ಲೆಕಟ್ಟನ್ನು ಓದಬಲ್ಲವರು ಈ ಸೀಮೆಯ ರೈತರು. ಕೆರೆಯ ಕೋಡಿಯ ಮೂಡಣ ತೋಟವೆಂದರೆ ಅವರಿಗೆ ವ್ಯಾಖ್ಯಾನ ಬೇಕಿಲ್ಲ. ಆದರೆ ಸಂಪುಟದ ಪೀಠಿಕೆ, ಅನುವಾದಗಳೆಲ್ಲ ಇಂಗ್ಲಿಷಿನಲ್ಲಿವೆ, ಹಳಗನ್ನಡದ ಮೂಲಪಾಠಕ್ಕೆ ಪದಕೋಶವಿಲ್ಲ. ತುರುವೇಕೆರೆಯ ಶಾಸನಗಳನ್ನು ನೋಡಬೇಕಾದವನು ತಿಪಟೂರು ತಾಲ್ಲೂಕಿನ ಕೆಳಗೆ ಹುಡುಕಬೇಕೆಂಬುದನ್ನು ಹೇಳುವವರೂ ಇಲ್ಲ. ವಾಚನಾಲಯವನ್ನು ತುಂಬಿರುವ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ತರುಣರಲ್ಲಿ ಒಬ್ಬರನ್ನು ಕೇಳಿದಾಗ, ಆ ಬೀರುವಿನಲ್ಲಿರುವುದು ಕಾನೂನಿನ ಪುಸ್ತಕಗಳೆಂದು ತಾವು ಭಾವಿಸಿದ್ದುದಾಗಿ ತಿಳಿಸಿದರು.

ಸಂಗ್ರಹದ ದೊಡ್ಡ ಕೊರತೆ ಇನ್ನೊಂದಿದೆ. ಸಗಟು ಖರೀದಿಯಲ್ಲಿ ಒಂದೇ ಪುಸ್ತಕದ ಪ್ರತಿಗಳು ಎಲ್ಲ ಜಿಲ್ಲೆಗಳಿಗೂ ಹಂಚಿಕೆಯಾಗುವುದರಿಂದ ಇಲ್ಲಿರುವುದು ಬೀದರಿನಲ್ಲಿಯೂ ಇರುತ್ತದೆ. ಇಲ್ಲಿ ಮಾತ್ರ ಇರಬೇಕಾದದ್ದು ಇಲ್ಲಿಯೂ ಇರುವುದಿಲ್ಲ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಸಾಹಿತ್ಯದ ಸಾಲಿನಲ್ಲಿದೆ. ಅವರ ತೀರ್ಥಪುರ ಚಿಕ್ಕನಾಯಕನಹಳ್ಳಿ ತಾಲ್ಲೂಕಿನದೆಂಬುದನ್ನು ಓದುಗನಿಗೆ ಸೂಚಿಸುವ ಒಂದು ಚೀಟಿಯೂ ಇಲ್ಲ. ಇದಾದರೂ ಸಣ್ಣ ಮಾತು. ಉಂಡೆ ಕೊಬ್ಬರಿಯನ್ನು ಕುರಿತು, ಎಂದರೆ ಕಾಯಿಗಳನ್ನು ಅಟ್ಟದ ಮೇಲೆ ಸುಮಾರು ಒಂದು ವರ್ಷ ಒಣಗಲು ಬಿಟ್ಟು, ಒಳಗೆ ಗಿಟುಕು ಅಲುಗಿದ ಮೇಲೆ ಸುಲಿದು, ಚಿಪ್ಪೊಡೆದು, ತಿಪಟೂರಿನ ಹರಾಜಿಗೆ ಒಯ್ಯುವ ಈ ಸೀಮೆಯ ಮುಖ್ಯ ಕಸುಬನ್ನು ಕುರಿತು, ಅದರ ಬೆಲೆಯ ಏರಿಳಿತ, ಸಾಲ, ಉತ್ತರದೇಶದ ವ್ಯಾಪಾರಿಗಳೊಡನೆ ಇದ್ದ ಲೇವಾದೇವಿಗಳನ್ನು ಕುರಿತು ಆ ಗ್ರಂಥಾಲಯದಲ್ಲಿ ಒಂದು ಪುಸ್ತಕವೂ ನಮಗೆ ದೊರೆಯಲಿಲ್ಲ. ಬರೆಯಬೇಕಾದವರು ನಾವು, ಬರೆಯದೆ ಗ್ರಂಥಾಲಯವನ್ನು ದೂರುವುದು ನ್ಯಾಯವಲ್ಲ.

ಬರೆಯುವುದಕ್ಕೆ ಬೇಕಾದ ಸಾಮಗ್ರಿ ಇರುವುದು ಮಂಡಿಗಳಲ್ಲಿ, ಮನೆಯ ಅಟ್ಟಗಳಲ್ಲಿ. ಕೆಂಪು ಬಟ್ಟೆಯ ರಟ್ಟಿನ ಹಳೆಯ ರೋಕಡಿ, ಖಾತೆ ಪುಸ್ತಕಗಳನ್ನು ಕೊಬ್ಬರಿಯ ಪಕ್ಕದಲ್ಲಿಯೇ ಪೇರಿಸಿಟ್ಟಿದ್ದ ಒಂದು ಮನೆಯನ್ನು ನಾವು ಕಂಡಿದ್ದೇವೆ. ಮುಂದಿನ ಸುಣ್ಣಬಣ್ಣದ ಹೊತ್ತಿಗೆ ಅವನ್ನು ರದ್ದಿಗೆ ಹಾಕುವುದಾಗಿ ಮನೆಯ ಹಿರಿಯರು ಹೇಳಿದರು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಇಬ್ಬರು ಈಗ ಅವುಗಳ ಪಟ್ಟಿ ಮಾಡುತ್ತಿದ್ದಾರೆ. ಅವರಲ್ಲಿ ಒಬ್ಬರು ಆ ಸೀಮೆಯವರೇ ಆದ್ದರಿಂದ, ಲೆಕ್ಕದಲ್ಲಿ ಬರುವ ತೋಟಗಳ ಹೆಸರುಗಳನ್ನು 12ನೆಯ ಸಂಪುಟದ ಎಲ್ಲೆಕಟ್ಟಿನ ಹೆಸರುಗಳೊಡನೆ ಹೋಲಿಸಿ ನೋಡುವಂತೆ ಕೇಳಿಕೊಂಡಿದ್ದೇವೆ. ಬೀರುವಿನ ಬೀಗದ ಕೈ ಗ್ರಂಥಪಾಲಕರ ಮೇಜಿನ ಎಡಗಡೆಯ ಸೆಳೆಖಾನೆಯಲ್ಲಿದೆ. ಕೇಳಿದವರಿಗೆ ಅವರು ಕೊಡುತ್ತಾರೆ.